ಮೊಸಳೆ ಹಲ್ಲು, ಹಾವಿನ ಕತ್ತು, ಯಾರದೋ ಬಾಲ

(ನಮ್ಮೂರ ಗ್ರಂಥಾಲಯದ ಮಹಡಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಅಲ್ಲಿ ಪರದೆಯ ಮೇಲೆ ಚಿತ್ರಗಳಿದ್ದವು. ಇಲ್ಲಿ ಇಲ್ಲ. ಹಾಗಾಗಿ ಚಿತ್ರದಲ್ಲಿ ಏನಿದೆ ಅನ್ನುವುದನ್ನು ಬರೆಯುವಾಗ ಸ್ವಲ್ಪ ಜಾಸ್ತಿ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ವಿಜ್ಞಾನಿ ಅಲ್ಲ. ಕಡಲಿನ ದೈತ್ಯ ಸರೀಸೃಪಗಳ ಬಗ್ಗೆ ಮಾತಾಡುತ್ತೇನೆ ಅಂದಾಗ ಗ್ರಂಥಾಲಯದವರು ಒಂದು ಕ್ಷಣ ಸುಮ್ಮನಾದರು. ನಾನು ಮಾತಾಡುವುದು ಆ ಪ್ರಾಣಿಗಳ ಬಗ್ಗೆ ಅಲ್ಲ, ಅವುಗಳ ಚಿತ್ರ ಬರೆದವರ ಬಗ್ಗೆ.

ಮೊದಲು ಹಳೇಬೀಡಿಗೆ ಹೋಗೋಣ. ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯ ಬುಡದಲ್ಲಿ ಸಾಲು ಸಾಲು ಪಟ್ಟಿಕೆಗಳಿವೆ. ತಳದಲ್ಲಿ ಆನೆ. ಮೇಲೆ ಹೋದ ಹಾಗೆ ಸಿಂಹ, ಬಳ್ಳಿ, ಕುದುರೆ, ಪುರಾಣದ ಕಥೆ. ಅದರ ಮೇಲೆ ಮಕರ. ಮಕರವನ್ನು ನಿಂತು ನೋಡಿದ್ದೀರಾ? ಬಹಳ ಜನ ಕಥೆಯ ಪಟ್ಟಿಕೆ ನೋಡಿ ಮುಂದೆ ಹೋಗಿಬಿಡುತ್ತಾರೆ. ಆನೆಯ ಸೊಂಡಿಲು, ಮೊಸಳೆಯ ದವಡೆ, ಹಂದಿಯಂಥ ಮೈ, ನವಿಲಿನ ಗರಿಯಂಥ ಬಾಲ. ನೀರಿನ ಪ್ರಾಣಿ. ಯಾರೂ ಕಂಡದ್ದಲ್ಲ. ಆದರೆ ಒಂದೊಂದು ಭಾಗವೂ ಎಲ್ಲರೂ ಕಂಡದ್ದೇ.

ಈಗ ಇನ್ನೊಂದು ಪಟ್ಟಿ ಕೇಳಿ. ಹಲ್ಲಿಯ ತಲೆ. ಮೊಸಳೆಯ ಹಲ್ಲು. ಹಾವಿನ ಮೈಯಷ್ಟು ಉದ್ದದ ಕತ್ತು. ನಾಲ್ಕು ಕಾಲಿನ ಪ್ರಾಣಿಯ ಮುಂಡ ಮತ್ತು ಬಾಲ. ಊಸರವಳ್ಳಿಯ ಪಕ್ಕೆಲುಬು. ತಿಮಿಂಗಿಲದ ಈಜುರೆಕ್ಕೆ. ಇದು ಶಿಲ್ಪಶಾಸ್ತ್ರದ್ದಲ್ಲ. ಆಕ್ಸ್‌ಫರ್ಡ್‌ನಲ್ಲಿ ಭೂವಿಜ್ಞಾನ ಹೇಳಿಕೊಡುತ್ತಿದ್ದ ವಿಲಿಯಂ ಬಕ್‌ಲ್ಯಾಂಡ್ 1836ರಲ್ಲಿ ಪ್ಲೀಸಿಯೋಸಾರ್ ಎಂಬ ಪ್ರಾಣಿಯನ್ನು ಓದುಗರಿಗೆ ಪರಿಚಯಿಸಿದ್ದು ಹೀಗೆ. ಆತನ ಮುಂದೆ ನಿಜವಾದ ಮೂಳೆ ಇತ್ತು. ಆದರೂ ವಿವರಿಸಲು ಹೊರಟಾಗ ಮಕರವೇ ಆಯಿತು!

ಕಾಣದ ಪ್ರಾಣಿಗೆ ಮೈ ಕೊಡಬೇಕಾದರೆ ಕಂಡ ಪ್ರಾಣಿಯಿಂದ ಸಾಲ ತರಬೇಕು. ಬೇರೆ ದಾರಿಯೇ ಇಲ್ಲ. ಇನ್ನೂರು ವರ್ಷದಲ್ಲಿ ಕಲಾವಿದರು ಯಾವ್ಯಾವ ಪ್ರಾಣಿಯಿಂದ ಏನೇನು ಸಾಲ ತಂದರು, ಯಾವುದನ್ನು ವಾಪಸ್ ಕೊಡಬೇಕಾಯಿತು, ಇವತ್ತಿನ ಕಥೆ ಅಷ್ಟೇ.

ಶುರುವಿಗೆ ಮುಂಚೆ ಒಂದು ಮಾತು. ಇವು ಡೈನೋಸಾರ್‌ಗಳಲ್ಲ. ಅದೇ ಕಾಲದಲ್ಲಿ ಕಡಲಲ್ಲಿದ್ದ ಬೇರೆ ಸರೀಸೃಪಗಳು. ಮುಖ್ಯವಾಗಿ ಮೂರು ಗುಂಪು. ಮೀನಿನಂಥ ಮೈಯ ಇಕ್ಥಿಯೋಸಾರ್. ನಾಲ್ಕು ಹುಟ್ಟು ಕಟ್ಟಿದ ದೋಣಿಯಂಥ ಪ್ಲೀಸಿಯೋಸಾರ್. ಕೊನೆಗೆ ಬಂದ ಮೊಸಾಸಾರ್, ಅದು ನಮ್ಮ ಉಡದ ದೂರದ ನೆಂಟ. ಇಷ್ಟು ಗೊತ್ತಿದ್ದರೆ ಸಾಕು.

ಈಗ ಇಂಗ್ಲೆಂಡಿನ ದಕ್ಷಿಣ ದಡಕ್ಕೆ ಬನ್ನಿ. ಡಾರ್ಸೆಟ್ ಸೀಮೆಯ ಲೈಮ್ ರೀಜಿಸ್ ಅನ್ನುವ ಪುಟ್ಟ ಊರು. ಕಡಲಿಗೆ ಅಂಟಿಕೊಂಡ ಬೂದು ಬಣ್ಣದ ಕಡಿದಾದ ಬಂಡೆ. ಚಳಿಗಾಲದಲ್ಲಿ ಮಳೆಗೆ, ಅಲೆಗೆ ಅದು ಕುಸಿಯುತ್ತದೆ. ಕುಸಿದಾಗ ಒಳಗಿನ ಪಳೆಯುಳಿಕೆ ಹೊರಗೆ ಬರುತ್ತದೆ. ಬೇಗ ಹೋಗಿ ಆರಿಸದಿದ್ದರೆ ಅಲೆ ಎಳೆದುಕೊಂಡು ಹೋಗುತ್ತದೆ. ಈ ಕೆಲಸ ಮಾಡಿ ಹೊಟ್ಟೆ ಹೊರೆಯುತ್ತಿದ್ದವಳು ಮೇರಿ ಆ್ಯನಿಂಗ್. ಹುಟ್ಟಿದ್ದು 1799ರಲ್ಲಿ. ಅಪ್ಪ ಬಡಗಿ. 1810ರಲ್ಲಿ ಸಾಲ ಬಿಟ್ಟು ತೀರಿಕೊಂಡ. ಮರುವರ್ಷ ಅಣ್ಣ ಜೋಸೆಫ್‌ಗೆ ಬಂಡೆಯಲ್ಲಿ ದೊಡ್ಡದೊಂದು ತಲೆಬುರುಡೆ ಕಂಡಿತು. 1812ರಲ್ಲಿ ಮೇರಿ ಉಳಿದ ಮೈ ಹುಡುಕಿದಳು. ಆಗ ಅವಳು ಹನ್ನೆರಡು ಹದಿಮೂರರ ಹುಡುಗಿ. ಅದು ಇಕ್ಥಿಯೋಸಾರ್. ಊರ ಕಡೆಯ ಜಮೀನ್ದಾರರೊಬ್ಬರು ಸುಮಾರು 23 ಪೌಂಡಿಗೆ ಕೊಂಡರು.

1823ರಲ್ಲಿ ಅವಳಿಗೇ ಪೂರ್ತಿ ಪ್ಲೀಸಿಯೋಸಾರ್ ಸಿಕ್ಕಿತು. ಕತ್ತು ನೋಡಿ ಜನಕ್ಕೆ ನಂಬಿಕೆ ಬರಲಿಲ್ಲ. ಜಿರಾಫೆ ಕತ್ತಿನಲ್ಲೂ ಏಳೇ ಮಣಿ, ನಮ್ಮ ಕತ್ತಿನಲ್ಲೂ ಏಳೇ. ಇದಕ್ಕೆ ಮೂವತ್ತೈದರ ಆಸುಪಾಸು. ಪ್ಯಾರಿಸ್‌ನಲ್ಲಿದ್ದ ಜಾರ್ಜ್ ಕುವಿಯೇ ಆ ಕಾಲದ ಅತಿ ದೊಡ್ಡ ಮೂಳೆ ಪಂಡಿತ. ಎರಡು ಪ್ರಾಣಿ ಸೇರಿಸಿ ಯಾರೋ ಅಂಟಿಸಿದ್ದಾರೆ ಅಂತ ಆತನಿಗೆ ಗುಮಾನಿ. ಆಮೇಲೆ ತಪ್ಪು ಒಪ್ಪಿಕೊಂಡ. ಮೂಳೆ ಅಸಲಿಯೇ ಆಗಿತ್ತು. 1824ರ ಫೆಬ್ರವರಿಯಲ್ಲಿ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಯಲ್ಲಿ ವಿಲಿಯಂ ಕಾನಿಬೇರ್ ಎಂಬ ಪಾದ್ರಿ ಅದರ ಬಗ್ಗೆ ಮಾತಾಡಿದರು. ಆ ಕಲ್ಲಿನ ಹಲಗೆ ಎಷ್ಟು ದೊಡ್ಡದು ಅಂದರೆ ಮೆಟ್ಟಿಲ ಮೇಲೆ ಹತ್ತಿಸಲು ಆಗಲಿಲ್ಲವಂತೆ, ಕೆಳಗೇ ಉಳಿಯಿತು. ಮೇರಿಯ ಹೆಸರು ಮಾತ್ರ ಆ ಸಭೆಯಲ್ಲಿ ಬರಲಿಲ್ಲ. ಹೆಂಗಸರು ಆ ಸೊಸೈಟಿಯ ಸದಸ್ಯರಾಗಲು 1919ರವರೆಗೆ ಕಾಯಬೇಕಾಯಿತು.

ಈಗ ಚಿತ್ರ. 1830. ಬರೆದವರು ಹೆನ್ರಿ ಡಿ ಲಾ ಬೀಚ್. ಭೂವಿಜ್ಞಾನಿ, ಮೇರಿಯ ಹಳೆಯ ಗೆಳೆಯ. ಒಳ್ಳೆಯ ಕೈ. ಆತನ ಅನುಕೂಲಸ್ಥ ಬದುಕಿನ ಹಿಂದೆ ಜಮೈಕಾದ ಕಬ್ಬಿನ ತೋಟವಿತ್ತು, ಅಲ್ಲಿ ದುಡಿಯುತ್ತಿದ್ದವರು ಗುಲಾಮರು. ಇದನ್ನು ಹೇಳದೆ ಈತನನ್ನು ಬರೀ ಒಳ್ಳೆಯ ಮನುಷ್ಯ ಅನ್ನಲು ನನಗೆ ಮನಸ್ಸಿಲ್ಲ. ಆದರೆ ಮೇರಿಯ ವಿಷಯದಲ್ಲಿ ಒಳ್ಳೆಯದನ್ನೇ ಮಾಡಿದ. ಆಗ ಅವಳ ವ್ಯಾಪಾರ ಬಿದ್ದುಹೋಗಿತ್ತು. ಈತ ಒಂದು ಜಲವರ್ಣ ಚಿತ್ರ ಬರೆದ. ಜಾರ್ಜ್ ಶಾರ್ಫ್ ಅನ್ನುವ ಕಲಾವಿದರಿಂದ ಅದರ ಕಲ್ಲಚ್ಚು ತೆಗೆಸಿ ಒಂದೊಂದು ಪ್ರತಿಯನ್ನು ಎರಡೂವರೆ ಪೌಂಡಿಗೆ ಮಾರಿಸಿ, ಹಣವನ್ನು ಮೇರಿಗೆ ಕೊಡಿಸಿದ. ಚಿತ್ರದ ಹೆಸರು ಲ್ಯಾಟಿನ್‌ನಲ್ಲಿ ಡ್ಯೂರಿಯಾ ಆಂಟಿಕ್ವಿಯರ್. ಅಂದರೆ ಇನ್ನೂ ಹಳೆಯ ಡಾರ್ಸೆಟ್. ಪಳೆಯುಳಿಕೆಗಳನ್ನೇ ಆಧರಿಸಿ ಕಳೆದುಹೋದ ಕಾಲದ ಪೂರ್ತಿ ಬದುಕನ್ನು ತೋರಿಸಿದ ಮೊದಲ ಚಿತ್ರ ಅಂತ ಇದನ್ನೇ ಹೇಳುತ್ತಾರೆ. ಮೂಲ ಈಗ ವೇಲ್ಸ್‌ನ ಕಾರ್ಡಿಫ್ ಮ್ಯೂಸಿಯಂನಲ್ಲಿದೆ.

ಚಿತ್ರವನ್ನು ಸಾವಕಾಶವಾಗಿ ನೋಡೋಣ. ನಮ್ಮ ಜಾತ್ರೆಯಷ್ಟು ಗದ್ದಲ ಇದರಲ್ಲಿ. ನಟ್ಟನಡುವೆ ತಟ್ಟೆಯಗಲ ಕಣ್ಣಿನ ಇಕ್ಥಿಯೋಸಾರ್ ಒಂದು ಪ್ಲೀಸಿಯೋಸಾರ್‌ನ ಕತ್ತಿಗೇ ಬಾಯಿ ಹಾಕಿದೆ. ಇನ್ನೊಂದು ಪ್ಲೀಸಿಯೋಸಾರ್ ನೀರಿನಿಂದ ಕತ್ತು ಎತ್ತಿ ಹಾರುವ ಸರೀಸೃಪವನ್ನು ಹಿಡಿದಿದೆ. ಮತ್ತೊಂದು ದಡದ ಮೊಸಳೆಯ ಹಿಂದೆ ಬಿದ್ದಿದೆ. ಮೀನು ನುಂಗುವವು, ನುಂಗಿಸಿಕೊಳ್ಳುವವು. ದಡದಲ್ಲಿ ತಾಳೆಯಂಥ ಮರಗಳು. ತಳದಲ್ಲಿ ಸತ್ತವುಗಳ ಮೂಳೆ, ಅಂದರೆ ಮುಂದೊಂದು ದಿನ ಮೇರಿಗೆ ಸಿಗಬೇಕಾದ ಸರಕು.

ಕತ್ತು ಕಚ್ಚಿಸಿಕೊಂಡ ಪ್ರಾಣಿಯ ಹಿಂಭಾಗ ನೋಡಿ. ಮಕ್ಕಳಿಗೆ ಮೊದಲು ಕಾಣುವುದೇ ಅದು. ಹೆದರಿ ಲದ್ದಿ ಹಾಕುತ್ತಿದೆ! ಇದು ಬರೀ ತಮಾಷೆ ಅಲ್ಲ. ಇಕ್ಥಿಯೋಸಾರ್‌ಗಳ ಹೊಟ್ಟೆಯ ಭಾಗದಲ್ಲಿ ಮೇರಿಗೆ ವಿಚಿತ್ರ ಕಲ್ಲುಂಡೆಗಳು ಸಿಗುತ್ತಿದ್ದವು. ಒಡೆದರೆ ಒಳಗೆ ಮೀನಿನ ಮೂಳೆ, ಹುರುಪೆ. ಕಲ್ಲಾದ ಲದ್ದಿ ಅದು ಅಂತ ಬಕ್‌ಲ್ಯಾಂಡ್ 1829ರಲ್ಲಿ ಹೇಳಿದರು. ಮರುವರ್ಷವೇ ಚಿತ್ರದಲ್ಲಿ ಅದು ಬಿದ್ದಿತು. ಯಾವುದು ಯಾವುದನ್ನು ತಿನ್ನುತ್ತಿತ್ತು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ?

ನೀರಿನ ಮೇಲೆ ಪುಟ್ಟ ದೋಣಿಗಳ ಹಾಗೆ ತೇಲುತ್ತಿರುವುದು ಅಮೊನೈಟ್. ಸುರುಳಿ ಚಿಪ್ಪಿನ ಪ್ರಾಣಿ. ಇದು ನಮ್ಮಲ್ಲಿ ಅನೇಕರ ದೇವರ ಮನೆಯಲ್ಲಿದೆ. ಹೌದು, ಗಂಡಕಿ ನದಿಯ ಸಾಲಿಗ್ರಾಮ ಅಮೊನೈಟ್‌ನ ಪಳೆಯುಳಿಕೆಯೇ. ಡಿ ಲಾ ಬೀಚ್ ಅದಕ್ಕೆ ಹಾಯಿ ಕಟ್ಟಿಬಿಟ್ಟಿದ್ದಾನೆ. ಆರ್ಗೋನಾಟ್ ಅನ್ನುವ ಇಂದಿನ ಒಂದು ಕಡಲ ಜೀವಿ ತೋಳಿನ ಪೊರೆಯನ್ನು ಹಾಯಿಯಂತೆ ಬಿಚ್ಚಿ ತೇಲುತ್ತದೆ ಅಂತ ಗ್ರೀಕರ ಕಾಲದಿಂದ ಕಥೆಯಿತ್ತು. ಆ ಸುಳ್ಳುಹಾಯಿಯನ್ನು ಅಮೊನೈಟ್‌ಗೆ ಸಾಲ ತಂದದ್ದು. ನೋಡಿ, ಸಾಲದಲ್ಲೂ ಖೋಟಾ ನೋಟು.

ಡ್ರಾಯಿಂಗ್ ಮೇಷ್ಟ್ರಾಗಿ ನನಗೆ ಈ ಚಿತ್ರದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ. ನಾವು ನಿಂತಿರುವ ಜಾಗ ಎಲ್ಲಿ? ದಡದ ಮೇಲಲ್ಲ. ನೀರನ್ನು ಚಾಕುವಿನಿಂದ ಕತ್ತರಿಸಿ ಅಡ್ಡಕೊಯ್ತ ತೋರಿಸಿದ ಹಾಗಿದೆ. ಅರ್ಧ ಕಣ್ಣು ನೀರೊಳಗೆ, ಅರ್ಧ ಹೊರಗೆ. ಇವತ್ತು ನಮಗೆ ಇದು ಸಲೀಸು, ಗಾಜಿನ ಅಕ್ವೇರಿಯಂ ನೋಡಿ ಬೆಳೆದಿದ್ದೇವೆ. ಆದರೆ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗೆ ಅಕ್ವೇರಿಯಂ ತೆರೆದದ್ದು 1853ರಲ್ಲಿ. ಅದಕ್ಕೆ ಇಪ್ಪತ್ತಮೂರು ವರ್ಷ ಮುಂಚೆ ಈತ ನೀರನ್ನು ಪಕ್ಕದಿಂದ ಕಂಡಿದ್ದ. ಮೈಗಳು ಹಳೆಯ ಸಾಲ, ನೋಟ ಮಾತ್ರ ಸ್ವಂತದ್ದು.

ಅದೇ ಊರಿನ ಇನ್ನೊಂದು ಚಿತ್ರ ಹೇಳಿ ಮುಂದೆ ಹೋಗುತ್ತೇನೆ. ಬೆಲೆಮ್ನೈಟ್ ಅಂತ ಒಂದು ಜೀವಿ ಇತ್ತು, ಕರಾವಳಿಯವರು ಬೊಂಡಾಸ್ ಅನ್ನುತ್ತಾರಲ್ಲ, ಅದರ ಕುಲದ್ದು. ಅದಕ್ಕೂ ಮಸಿಚೀಲ ಇತ್ತು. ಲೈಮ್ ರೀಜಿಸ್ ಬಂಡೆಯಲ್ಲಿ ಆ ಚೀಲ ಒಣಗಿದ ಮಸಿ ಸಮೇತ ಸಿಗುತ್ತಿತ್ತು. ಮೇರಿಯ ಗೆಳತಿ ಎಲಿಜಬೆತ್ ಫಿಲ್ಪಾಟ್ ಅದನ್ನು ಅರೆದು ನೀರು ಬೆರೆಸಿದಳು. ಮಸಿ ಬಿಟ್ಟುಕೊಂಡಿತು! ಆ ಮಸಿಯಲ್ಲೇ ಇಕ್ಥಿಯೋಸಾರ್ ತಲೆಬುರುಡೆಯ ಚಿತ್ರ ಬರೆದಳು. ತಿನ್ನುವ ಪ್ರಾಣಿಯ ಚಿತ್ರ, ತಿನಿಸಿನ ಮಸಿಯಲ್ಲಿ. ನಾನು ಎಷ್ಟೋ ಕಂಪನಿಯ ಇಂಕ್ ಬಳಸಿದ್ದೇನೆ. ಇದರ ಮುಂದೆ ಯಾವುದೂ ಅಲ್ಲ.

ಮುಂದೆ 1834, 1840. ಥಾಮಸ್ ಹಾಕಿನ್ಸ್ ಅನ್ನುವ ಸಂಗ್ರಾಹಕ ಇದ್ದ. ಮೂಳೆ ಕಡಿಮೆ ಬಿದ್ದ ಕಡೆ ಪ್ಲಾಸ್ಟರ್ ತುಂಬಿ ಅಂದ ಮಾಡಿ ಬ್ರಿಟಿಷ್ ಮ್ಯೂಸಿಯಂಗೆ ಮಾರಿದವನು. ಸಿಕ್ಕಿಬಿದ್ದು ದೊಡ್ಡ ರಾದ್ಧಾಂತ ಆಯಿತು. ಆತನ 1840ರ ಪುಸ್ತಕಕ್ಕೆ ಜಾನ್ ಮಾರ್ಟಿನ್ ಮುಖಚಿತ್ರ ಬರೆದರು. ಮಾರ್ಟಿನ್ ಪ್ರಳಯ, ನರಕ ಬರೆಯುವುದರಲ್ಲಿ ಹೆಸರುವಾಸಿ. ಇಲ್ಲೂ ಅದೇ. ಕತ್ತಲು, ಚಂದ್ರ, ಡ್ರ್ಯಾಗನ್‌ಗಳಂತೆ ಹೊರಳಾಡುವ ಕಡಲ ಪ್ರಾಣಿಗಳು. ಕೈ ದೊಡ್ಡದು, ಒಪ್ಪುತ್ತೇನೆ. ಆದರೆ ಮೂಳೆ ನೋಡಿ ಬರೆದದ್ದಲ್ಲ. ಇಲ್ಲಿ ಸಾಲ ಕೊಟ್ಟದ್ದು ಪ್ರಾಣಿ ಕೂಡ ಅಲ್ಲ, ಭಯ. ನನಗೆ ಡಿ ಲಾ ಬೀಚ್‌ನ ಜಾತ್ರೆಯೇ ಇಷ್ಟ.

ಈಗ ಚಿತ್ರ ಬಿಟ್ಟು ಬೊಂಬೆಗೆ ಬರೋಣ. ದಕ್ಷಿಣ ಲಂಡನ್ನಿನ ಸಿಡನ್‌ಹ್ಯಾಮ್. 1854ರ ಜೂನ್‌ನಲ್ಲಿ ಅಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಅರಮನೆಯೂ ಅದರ ಉದ್ಯಾನವೂ ತೆರೆದವು. ಕೆರೆಯ ಸುತ್ತ ಅಳಿದ ಪ್ರಾಣಿಗಳನ್ನು ನಿಜ ಗಾತ್ರದಲ್ಲಿ ಮಾಡಿ ನಿಲ್ಲಿಸಿದ್ದರು. ಮಾಡಿದವರು ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್. ಮೊದಲಿನ ಹಾಕಿನ್ಸ್ ಅಲ್ಲ, ಬೇರೆಯವರು. ಸಲಹೆಗೆ ರಿಚರ್ಡ್ ಓವೆನ್, ಡೈನೋಸಾರ್ ಅನ್ನುವ ಪದ ಕೊಟ್ಟವರು. ಕಬ್ಬಿಣ, ಇಟ್ಟಿಗೆ, ಸಿಮೆಂಟಿನ ಕೆಲಸ. ನಮ್ಮ ಕಡೆ ಗಾರೆ ಮೇಸ್ತ್ರಿಗಳು ಗೋಪುರದ ಬೊಂಬೆ ಮಾಡುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ. ಗಾಜಿನ ಅರಮನೆ 1936ರಲ್ಲಿ ಸುಟ್ಟುಹೋಯಿತು. ಬೊಂಬೆಗಳು ಇನ್ನೂ ಅಲ್ಲೇ ಇವೆ, ಈಗ ರಕ್ಷಿತ ಸ್ಮಾರಕ.

ಅಲ್ಲಿನ ಇಕ್ಥಿಯೋಸಾರ್‌ಗಳನ್ನು ನೋಡಿ. ಮೂರಿವೆ. ದಡದಂಚಿನಲ್ಲಿ ಬಿಸಿಲು ಕಾಯಿಸುತ್ತಾ ಮಲಗಿವೆ. ಸೀಲ್‌ನ ಭಂಗಿ, ಮೊಸಳೆಯ ಮುಖ. ಕಣ್ಣಿನ ಸುತ್ತ ಹೂವಿನ ಎಸಳಿನಂಥ ಮೂಳೆ ಬಿಲ್ಲೆಗಳು. ಆ ಬಿಲ್ಲೆಗಳು ನಿಜವೇ. ದೊಡ್ಡ ಕಣ್ಣುಗುಡ್ಡೆಗೆ ಆಧಾರವಾಗಿ ಒಳಗೆ ಮೂಳೆಯ ಬಳೆ ಇತ್ತು. ಆದರೆ ಅದು ಒಳಗಿನದು, ಹೊರಗೆ ಕಾಣುವುದಲ್ಲ. ಮೂಳೆಯನ್ನೇ ಮುಖವೆಂದು ತಿಳಿದ ಹಾಗಾಯಿತು. ಬೆನ್ನ ಮೇಲೆ ರೆಕ್ಕೆ ಇಲ್ಲ. ಅರ್ಧಚಂದ್ರದ ಬಾಲವೂ ಇಲ್ಲ.

ಬಾಲದ ಕಥೆಗೆ ಸ್ವಲ್ಪ ಹೊತ್ತು ಬೇಕು. ಇಕ್ಥಿಯೋಸಾರ್‌ಗಳ ಬೆನ್ನೆಲುಬು ಬಾಲದ ತುದಿಯ ಹತ್ತಿರ ಬಂದಾಗ ಕೆಳಗೆ ಬಾಗುತ್ತದೆ. ಮೊದಮೊದಲು ಎಲ್ಲರೂ, ಮಣ್ಣಿನ ಭಾರಕ್ಕೆ ಮುರಿದಿದೆ ಅಂದುಕೊಂಡರು. ಅದನ್ನು ನೆಟ್ಟಗೆ ಮಾಡಿ ಬರೆದರು. ಆದರೆ ಒಂದಲ್ಲ ಎರಡಲ್ಲ, ಸಿಕ್ಕಿದ ಬಹಳಷ್ಟು ಅಸ್ಥಿಪಂಜರಗಳಲ್ಲಿ ಅದೇ ಜಾಗದಲ್ಲಿ ಮುರಿತ! ಓವೆನ್ 1838ರಲ್ಲೇ ಅನುಮಾನಪಟ್ಟರು, ಅಲ್ಲೊಂದು ಬಾಲದ ರೆಕ್ಕೆ ಇದ್ದಿರಬೇಕು ಅಂದರು. ಪೂರ್ತಿ ಆಕಾರ ಯಾರಿಗೂ ಹೊಳೆಯಲಿಲ್ಲ.

ಉತ್ತರ ಬಂದದ್ದು ಜರ್ಮನಿಯ ಹೋಲ್ಜ್‌ಮಾಡೆನ್ ಎಂಬ ಹಳ್ಳಿಯ ಕಲ್ಲುಗಣಿಯಿಂದ. ಸ್ಟುಟ್‌ಗಾರ್ಟ್ ಹತ್ತಿರ. ಅಲ್ಲಿನ ಕಪ್ಪು ಪದರಗಲ್ಲು ಸುಮಾರು 18 ಕೋಟಿ ವರ್ಷ ಹಳೆಯದು. ಕಡಲತಳದಲ್ಲಿ ಆಮ್ಲಜನಕ ಇಲ್ಲದ ಕಡೆ ಬಿದ್ದ ಹೆಣಗಳು ಪೂರ್ತಿ ಕೊಳೆಯಲಿಲ್ಲ. 1892ರಲ್ಲಿ ಬೆರ್ನ್‌ಹಾರ್ಡ್ ಹಾಫ್ ಎಂಬ ತರುಣ ಒಂದು ಇಕ್ಥಿಯೋಸಾರ್‌ನ ಕಲ್ಲನ್ನು ಕೆರೆಯುತ್ತಿದ್ದ. ಎಲ್ಲರೂ ಮೂಳೆ ಸಿಗುವವರೆಗೆ ಕೆರೆದು ಹಾಕುತ್ತಿದ್ದ ಕರಿ ಪದರವನ್ನು ಈತ ಉಳಿಸಿಕೊಂಡು ಹೋದ. ಆ ಕರಿ ಪದರ ಚರ್ಮ, ಮಾಂಸದ ಅಚ್ಚು. ಪ್ರಾಣಿಯ ಪೂರ್ತಿ ಹೊರರೇಖೆ ಎದ್ದು ನಿಂತಿತು. ಬೆನ್ನ ಮೇಲೆ ತ್ರಿಕೋನದ ರೆಕ್ಕೆ. ಅದರಲ್ಲಿ ಒಂದೂ ಮೂಳೆ ಇಲ್ಲ, ಹಾಗಾಗಿ ಯಾರಿಗೂ ಗೊತ್ತಿರಲಿಲ್ಲ. ಬಾಲ ಎದ್ದುನಿಂತ ಅರ್ಧಚಂದ್ರ. ಬಾಗಿದ ಬೆನ್ನೆಲುಬು ಅದರ ಕೆಳಗಿನ ಕವಲಿಗೆ ಹೋಗುತ್ತದೆ. ಮೇಲಿನ ಕವಲು ಬರೀ ಮಾಂಸ. ಮುರಿದದ್ದು ಏನೂ ಇರಲಿಲ್ಲ.

ಅಲ್ಲಿಂದ ಮೊಸಳೆಯ ಸಾಲ ತೀರಿತು. ಡಾಲ್ಫಿನ್‌ನ ಸಾಲ ಶುರುವಾಯಿತು. ಇವತ್ತಿನವರೆಗೂ ಇಕ್ಥಿಯೋಸಾರ್ ಬರೆಯುವ ಪ್ರತಿಯೊಬ್ಬರೂ ಡಾಲ್ಫಿನ್ ನೋಡಿಯೇ ಬರೆಯುತ್ತಾರೆ. ಹೋಲ್ಜ್‌ಮಾಡೆನ್‌ನಲ್ಲೇ ಹೊಟ್ಟೆಯೊಳಗೆ ಮರಿಗಳಿದ್ದ ತಾಯಂದಿರು ಸಿಕ್ಕಿವೆ. ಮರಿ ಹಾಕುವ ಪ್ರಾಣಿಗೆ ದಡಕ್ಕೆ ಬಂದು ಬಿಸಿಲು ಕಾಯಿಸುವ ಕೆಲಸ ಏನಿದೆ? ಪಾಪ ಆ ಸಿಮೆಂಟಿನ ಮೂರು ಮಾತ್ರ ಇನ್ನೂ ದಡದಲ್ಲೇ ಇವೆ.

ಅದೇ ಕೆರೆಯಲ್ಲಿ ಒಂದು ಮೊಸಾಸಾರ್ ಇದೆ. ಇದು ನನ್ನ ಅಚ್ಚುಮೆಚ್ಚಿನ ಬೊಂಬೆ. ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ಊರಿನ ಸುಣ್ಣಗಲ್ಲಿನ ಗಣಿಯಲ್ಲಿ 18ನೇ ಶತಮಾನದಲ್ಲಿ ಇದರ ಬೃಹತ್ ದವಡೆ ಸಿಕ್ಕಿತ್ತು. ಒಬ್ಬರು ಮೊಸಳೆ ಅಂದರು, ಒಬ್ಬರು ತಿಮಿಂಗಿಲ ಅಂದರು, ಕೊನೆಗೆ ಉಡದ ಬಳಗಕ್ಕೆ ಸೇರಿಸಿದರು. ಹಾಕಿನ್ಸ್ ಬೊಂಬೆ ಮಾಡುವ ಹೊತ್ತಿಗೆ ತಲೆ ಗೊತ್ತು, ಹಿಂದಿನ ಮೈ ಸರಿಯಾಗಿ ಗೊತ್ತಿಲ್ಲ. ಏನು ಮಾಡಿದರು? ಮುಂದಿನ ಅರ್ಧ ಮಾತ್ರ ಮಾಡಿ, ನೀರಿನಿಂದ ಎದ್ದು ಬರುವ ಹಾಗೆ ಕೆರೆಯಲ್ಲಿ ಇಟ್ಟರು. ಹಿಂದಿನ ಅರ್ಧ ಇಲ್ಲವೇ ಇಲ್ಲ. ಗೊತ್ತಿಲ್ಲದ್ದನ್ನು ನೀರಿಗೆ ಬಿಡುವುದು. ಎಷ್ಟು ಜಾಣ ಕೆಲಸ ಅಲ್ವಾ? ಸಾಲ ಸಿಗದಿದ್ದಾಗ ಸಾಲ ಮಾಡದೇ ಇರುವುದು ಎಲ್ಲರಿಗೂ ಬರುವುದಿಲ್ಲ.

ಸಮುದ್ರ ದಾಟಿ ಅಮೆರಿಕಕ್ಕೆ ಹೋದರೆ ಅಲ್ಲಿ ಜಾಣತನ ಕೈಕೊಟ್ಟ ಕಥೆ ಇದೆ. 1867ರಲ್ಲಿ ಕ್ಯಾನ್ಸಸ್ ಬಯಲಿನಲ್ಲಿ ಸೇನೆಯ ಡಾಕ್ಟರೊಬ್ಬರಿಗೆ ಉದ್ದ ಕತ್ತಿನ ಪ್ಲೀಸಿಯೋಸಾರ್ ಸಿಕ್ಕಿತು. ಮೂಳೆ ಫಿಲಡೆಲ್ಫಿಯಾದ ಎಡ್ವರ್ಡ್ ಡ್ರಿಂಕರ್ ಕೋಪ್ ಕೈಗೆ ಬಂತು. ಕೋಪ್ ಮಹಾ ಬುದ್ಧಿವಂತ, ಅಷ್ಟೇ ಅವಸರದವರು. ಅದಕ್ಕೆ ಎಲಾಸ್ಮೋಸಾರಸ್ ಅಂತ ಹೆಸರಿಟ್ಟು 1869ರಲ್ಲಿ ಚಿತ್ರ ಪ್ರಕಟಿಸಿದರು. ಗಿಡ್ಡ ಕತ್ತು, ಉದ್ದೋ ಉದ್ದ ಬಾಲ. ಮರುವರ್ಷ ಜೋಸೆಫ್ ಲೈಡಿ ಎಂಬ ಹಿರಿಯರು ಹೇಳಿದರು, ತಲೆ ಬಾಲದ ತುದಿಗೆ ಕೂತಿದೆ ಅಂತ. ಹಲ್ಲಿಯಂಥ ಪ್ರಾಣಿಗೆ ಉದ್ದ ಇರುವುದು ಬಾಲ, ಕತ್ತಲ್ಲ. ಆ ರೂಢಿಯೇ ಕೋಪ್‌ಗೆ ಮುಳುವಾಯಿತು ಅಂತ ನನ್ನ ಊಹೆ. ಹಂಚಿದ್ದ ಪ್ರತಿಗಳನ್ನೆಲ್ಲ ವಾಪಸ್ ಕೊಳ್ಳಲು ಕೋಪ್ ಓಡಾಡಿದರು. ಎಲ್ಲ ಸಿಗಲಿಲ್ಲ. ಸರಿಯಾಗಿ ಎಣಿಸಿದರೆ ಆ ಪ್ರಾಣಿಯ ಕತ್ತಿನಲ್ಲಿ 72 ಮಣಿ.

ಕತ್ತು ಅಂದ ಮೇಲೆ ಹಂಸ ಬರಲೇಬೇಕು. ನ್ಯೂಯಾರ್ಕಿನ ಚಾರ್ಲ್ಸ್ ನೈಟ್ 1897ರಲ್ಲಿ ಬರೆದ ಎಲಾಸ್ಮೋಸಾರಸ್ ಚಿತ್ರದಲ್ಲಿ ಕತ್ತು ಹಾವಿನ ಹಾಗೆ, ಹಂಸದ ಹಾಗೆ ಎಸ್ ಆಕಾರದಲ್ಲಿ ಬಳುಕುತ್ತದೆ. ನೋಡಲು ಸೊಗಸು. ನೈಟ್ ಕಣ್ಣು ತೀರಾ ಮಂದ, ಕ್ಯಾನ್ವಾಸಿಗೆ ಮುಖ ಹತ್ತಿರ ಇಟ್ಟು ಬರೆಯುತ್ತಿದ್ದರು. ಆದರೂ ಅವರಷ್ಟು ಜೀವ ತುಂಬಿದವರು ಕಡಿಮೆ. ಆ ಹಂಸದ ಕತ್ತು ಮಾತ್ರ ಆಗದ ಮಾತು. ಕತ್ತಿನ ಮಣಿಗಳು ಒಂದಕ್ಕೊಂದು ಒತ್ತಾಗಿ ಕೂತಿವೆ, ಅಷ್ಟೊಂದು ಬಾಗುವುದಿಲ್ಲ. ನೀರಿನಿಂದ ಮೇಲೆ ಅಷ್ಟು ಉದ್ದ ಎತ್ತಿದರೆ ಭಾರಕ್ಕೆ ಮೈಯೇ ಮುಂದಕ್ಕೆ ಮಗುಚುತ್ತದೆ. ಆದರೂ ಆ ಎತ್ತಿದ ಕತ್ತು ಎಷ್ಟು ಜನರ ತಲೆಯಲ್ಲಿ ಕೂತಿತು ಅಂದರೆ, 1934ರಲ್ಲಿ ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಲ್ಲಿ ಅದರ ಫೋಟೋನೇ ಬಂತು! ಆಟಿಕೆಯ ಜಲಾಂತರ್ಗಾಮಿಗೆ ಕತ್ತು ಕಟ್ಟಿ ತೆಗೆದ ಫೋಟೋ ಅಂತ ಆಮೇಲೆ ಗೊತ್ತಾಯಿತು. ಹಳೆಯ ಪ್ರಾಣಿಯಿಂದ ಚಿತ್ರ, ಚಿತ್ರದಿಂದ ಹೊಸ ಪ್ರಾಣಿ.

ನೈಟ್‌ರ ಇನ್ನೊಂದು ಚಿತ್ರಕ್ಕೆ ನಾನು ವೈಯಕ್ತಿಕವಾಗಿ ಬಲಿಯಾದವನು. 1899ರ ಟೈಲೋಸಾರಸ್. ಅದೊಂದು ಮೊಸಾಸಾರ್. ಅಲೆ ಸೀಳಿ ಬರುತ್ತಿದೆ, ತಲೆಯ ಹಿಂದಿನಿಂದ ಬೆನ್ನುದ್ದಕ್ಕೂ ಗರಗಸದಂಥ ಜುಟ್ಟು. ಆ ಜುಟ್ಟು ಎಲ್ಲಿಂದ ಬಂತು? ಕ್ಯಾನ್ಸಸ್‌ನ ಸ್ಯಾಮ್ಯುಯೆಲ್ ವಿಲಿಸ್ಟನ್ ಎಂಬ ವಿದ್ವಾಂಸರು ಒಂದು ಪಳೆಯುಳಿಕೆಯಲ್ಲಿ ಕತ್ತಿನ ಬಳಿ ಸಾಲಾಗಿ ಕೂತ ತುಣುಕುಗಳನ್ನು ಕಂಡು 1898ರಲ್ಲಿ ಜುಟ್ಟು ಅಂದಿದ್ದರು. ನೈಟ್ ನಂಬಿ ಬರೆದರು. 1902ರಲ್ಲಿ ವಿಲಿಸ್ಟನ್ ಅವರೇ ತಿದ್ದಿಕೊಂಡರು, ಅದು ಜುಟ್ಟಲ್ಲ, ಉಸಿರುಗೊಳವೆಯ ಮೆದುಮೂಳೆ ಉಂಗುರ. ಆದರೆ ಚಿತ್ರ ಅಷ್ಟು ಚೆನ್ನಾಗಿತ್ತು. ಮುಂದೆ ದಶಕಗಟ್ಟಲೆ ಕಲಾವಿದರು ಜುಟ್ಟು ಬರೆದೇ ಬರೆದರು. ಅವರು ಸಾಲ ತಂದದ್ದು ಪ್ರಾಣಿಯಿಂದಲ್ಲ, ನೈಟ್‌ರಿಂದ.

ಆ ಸಾಲಗಾರರಲ್ಲಿ ನಾನೂ ಒಬ್ಬ. ಇಪ್ಪತ್ತು ವರ್ಷದ ಹಿಂದೆ ಮಕ್ಕಳ ಪುಸ್ತಕವೊಂದಕ್ಕೆ ಮೊಸಾಸಾರ್ ಚಿತ್ರ ಬರೆದುಕೊಡಿ ಅಂತ ಕೇಳಿದರು. ಹಳೆಯ ಪುಸ್ತಕ ನೋಡಿ ಬರೆದೆ. ಜುಟ್ಟನ್ನು ಒಂದೊಂದೇ ಗೆರೆಯಾಗಿ, ರಾತ್ರಿ ಹನ್ನೊಂದರವರೆಗೆ ಕೂತು ತಿದ್ದಿ ತೀಡಿದೆ. ಅಚ್ಚಾಯಿತು. ಅಣ್ಣನ ಮಗಳು, ಆಗ ಏಳನೇ ಕ್ಲಾಸು, ನೋಡಿ ಕೇಳಿದಳು: “ಚಿಕ್ಕಪ್ಪ, ಇದರ ಗಂಟಲು ಬೆನ್ನ ಮೇಲೆ ಯಾಕಿದೆ?” ನೂರು ವರ್ಷದ ಹಿಂದೆ ತಿದ್ದಿದ ತಪ್ಪು. ಪುಸ್ತಕದವರಿಗೆ ಫೋನ್ ಮಾಡಿದೆ. ಜುಟ್ಟಿದ್ದರೇ ಚೆಂದ ಸರ್, ಇರಲಿ ಬಿಡಿ ಅಂದರು. ಎರಡನೇ ಮುದ್ರಣಕ್ಕೂ ಅದೇ ಹೋಯಿತು.

ಸಿನಿಮಾ, ಟಿವಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿನ ಚಟ ಒಂದೇ, ಗಾತ್ರ. 1999ರ ಬಿಬಿಸಿ ಸರಣಿಯಲ್ಲಿ ಲಯೋಪ್ಲೂರೋಡಾನ್ ಎಂಬ ಗಿಡ್ಡ ಕತ್ತಿನ ಪ್ಲೀಸಿಯೋಸಾರ್‌ಗೆ 25 ಮೀಟರ್ ಉದ್ದ ಕೊಟ್ಟರು. ನಿಜಕ್ಕೆ ಅದು ಏಳು ಮೀಟರಿನ ಆಸುಪಾಸಿನದು. ನಿಜವಾದ ದೊಡ್ಡವು ಬೇರೆ ಇವೆ. 2020ರಲ್ಲಿ ಇಂಗ್ಲೆಂಡಿನ ಸಾಮರ್ಸೆಟ್ ಕಡಲತೀರದಲ್ಲಿ ರೂಬಿ ರೆನಾಲ್ಡ್ಸ್ ಎಂಬ ಹನ್ನೊಂದರ ಹುಡುಗಿ ಅಪ್ಪನ ಜೊತೆ ಹೋಗಿದ್ದಾಗ ದವಡೆ ಮೂಳೆಯ ತುಂಡು ಕಂಡಳು. 2024ರಲ್ಲಿ ಅದಕ್ಕೆ ಇಕ್ಥಿಯೋಟೈಟನ್ ಅಂತ ಹೆಸರಿಟ್ಟರು. ಉದ್ದ 25 ಮೀಟರ್ ಇದ್ದಿರಬಹುದು ಅಂತ ಅಂದಾಜು. ಹೆಚ್ಚುಕಡಿಮೆ ಮೇರಿಯ ವಯಸ್ಸೇ. ಈ ಸಲ ಸಂಶೋಧನಾ ಲೇಖನದಲ್ಲಿ ಹುಡುಗಿಯ ಹೆಸರೂ ಇದೆ. ಆದರೆ ಚಿತ್ರ ಬರೆಯುವವರ ಪಾಡು ಯೋಚಿಸಿ. ದವಡೆಯ ಮೂಳೆ ಬಿಟ್ಟರೆ ಕೈಯಲ್ಲಿ ಏನೂ ಇಲ್ಲ. ಮಿಕ್ಕ ಮೈಯನ್ನೆಲ್ಲ ಅದೇ ಬಳಗದ ಬೇರೆ ಇಕ್ಥಿಯೋಸಾರ್‌ಗಳಿಂದ ಎರವಲು ತರಬೇಕು.

ಮಾತು ಮುಗಿದ ಮೇಲೆ ಮೂರು ಪ್ರಶ್ನೆ ಬಂದವು. ಅವನ್ನೂ ಸೇರಿಸಿದ್ದೇನೆ.

ಒಬ್ಬ ಹುಡುಗ ಬಣ್ಣ ಕೇಳಿದ. ಮೊದಲು ಇದಕ್ಕೆ, ನಿನಗೆ ಇಷ್ಟ ಬಂದದ್ದು ಹಾಕು ಅನ್ನುತ್ತಿದ್ದೆವು. ಈಗ ಹಾಗಿಲ್ಲ. 2018ರಲ್ಲಿ ಹೋಲ್ಜ್‌ಮಾಡೆನ್‌ನ ಒಂದು ಇಕ್ಥಿಯೋಸಾರ್‌ನ ಚರ್ಮ ಪರೀಕ್ಷಿಸಿದರು. ಬಣ್ಣದ ಕಣಗಳ ಗುರುತು ಸಿಕ್ಕಿತು. ಬೆನ್ನು ಕಪ್ಪು, ಹೊಟ್ಟೆ ತೆಳು ಬಣ್ಣ. ನಮ್ಮ ಬಂಗುಡೆ ಮೀನಿನ ಹಾಗೆ. ಚರ್ಮದಡಿ ತಿಮಿಂಗಿಲಕ್ಕಿರುವಂಥ ಕೊಬ್ಬೂ ಇತ್ತು. ಹಾಗಾಗಿ ಪಕ್ಕೆಲುಬು ಎಣಿಸುವ ಹಾಗೆ ಬಡಕಲು ಮಾಡಿ ಬರೆಯಬೇಡ, ಗುಂಡಗೆ ಬರೆ ಅಂದೆ. 2025ರಲ್ಲಿ ಪ್ಲೀಸಿಯೋಸಾರ್ ಚರ್ಮದ ಸುದ್ದಿಯೂ ಬಂದಿದೆ. ಮೈ ನುಣುಪು, ಈಜುರೆಕ್ಕೆಯ ಅಂಚಿನಲ್ಲಿ ಮಾತ್ರ ಹುರುಪೆ. ಒಂದೇ ಮೈಯಲ್ಲಿ ಎರಡು ಬಗೆ.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: “ಮೇಷ್ಟ್ರೇ, ಹಾಗಾದರೆ ಹಳೇಬೀಡಿನ ಶಿಲ್ಪಿಗಳು ಇಂಥ ಮೂಳೆ ನೋಡಿಯೇ ಮಕರ ಕಡೆದಿರಬಹುದಲ್ಲವೇ?” ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಇಲ್ಲ ಸ್ವಾಮಿ. ಮಕರದ ಮೈಯಲ್ಲಿ ಇರುವ ಎಲ್ಲವೂ ಬದುಕಿರುವ ಪ್ರಾಣಿಗಳದ್ದೇ. ಆನೆ, ಮೊಸಳೆ, ಹಂದಿ, ನವಿಲು ನಮ್ಮ ನಾಡಿನಲ್ಲಿದ್ದಾಗ ಮೂಳೆಯ ಹಂಗು ಯಾಕೆ? ಅದೂ ಅಲ್ಲದೆ ಕರ್ನಾಟಕದ ಬಂಡೆಗಳು ಬಹುಪಾಲು ತೀರಾ ಹಳೆಯವು. ಲಾಲ್‌ಬಾಗಿನ ಬಂಡೆಗೇ ಸುಮಾರು 300 ಕೋಟಿ ವರ್ಷ. ಆಗ ಮೂಳೆ ಇರುವ ಪ್ರಾಣಿಯೇ ಹುಟ್ಟಿರಲಿಲ್ಲ. ಅವರಿಗೆ ಅಷ್ಟು ಸಮಾಧಾನ ಆದಂತೆ ಕಾಣಲಿಲ್ಲ.

ಮೂರನೆಯದು, ಭಾರತದಲ್ಲಿ ಎಲ್ಲೂ ಸಿಕ್ಕಿಲ್ಲವಾ ಅಂತ. ಸಿಕ್ಕಿದೆ. ತಮಿಳುನಾಡಿನ ತಿರುಚಿನಾಪಳ್ಳಿ ಕಡೆಯ ತುಣುಕುಗಳ ಬಗ್ಗೆ 19ನೇ ಶತಮಾನದಲ್ಲೇ ಬರೆದಿದ್ದಾರೆ. ದೊಡ್ಡದು 2017ರದು. ಗುಜರಾತಿನ ಕಛ್‌ನಲ್ಲಿ, ಭುಜ್ ಹತ್ತಿರದ ಲೋಡಾಯ್ ಹಳ್ಳಿಯ ಬಳಿ, ಹೆಚ್ಚುಕಡಿಮೆ ಪೂರ್ತಿ ಇಕ್ಥಿಯೋಸಾರ್. ಸುಮಾರು 15 ಕೋಟಿ ವರ್ಷ ಹಳೆಯದು, ಐದೂವರೆ ಮೀಟರ್ ಉದ್ದ. ದೆಹಲಿ ವಿಶ್ವವಿದ್ಯಾಲಯದ ಗುಂಟುಪಲ್ಲಿ ಪ್ರಸಾದ್ ಅವರ ತಂಡ ಅದರ ಬಗ್ಗೆ ಪ್ರಕಟಿಸಿತು. ಹಲ್ಲು ಸವೆದಿದೆ. ಗಟ್ಟಿ ಚಿಪ್ಪಿನ ಪ್ರಾಣಿಗಳನ್ನು ಅಗಿದು ಸವೆದಿರಬೇಕು ಅನ್ನುತ್ತಾರೆ. ಅಲ್ಲಿ ಅಮೊನೈಟ್ ಬೇಕಾದಷ್ಟಿದ್ದವು. ಬಣ್ಣ ಕೇಳಿದ ಹುಡುಗ ಅಷ್ಟರಲ್ಲಿ ನೋಟ್‌ಬುಕ್ ತೆಗೆದು ಬರೆಯಲು ಶುರುಮಾಡಿದ್ದ. ಬಗ್ಗಿ ನೋಡಿದೆ. ಬೆನ್ನ ಮೇಲೆ ಜುಟ್ಟು ಇತ್ತು. ರಬ್ಬರ್ ಕೊಟ್ಟೆ.